ಮೊದಲ ಕಾದಂಬರಿಗೆ ಒಂದು ಕಲ್ಲು, ಒಂದು ಮಳೆ ಸಾಕು

"ಕಾದಂಬರಿ ಬರೀಬೇಕು ಅಂತ ಆಸೆ. ಇತಿಹಾಸ ಇಷ್ಟ, ಕಾಡು-ಗುಡ್ಡ ಸುತ್ತೋದೂ ಇಷ್ಟ. ಆದ್ರೆ ವಸ್ತು ಸಿಗ್ತಿಲ್ಲ, ಏನ್ ಮಾಡ್ಲಿ?"

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ. ಅದಕ್ಕೇ ಈ ಸಲ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಕೇಳಿದವರಿಗೆ ನಾನು ಮೊದಲು ಹಾಕುವ ಮರುಪ್ರಶ್ನೆ: "ಇಲ್ಲಿಯವರೆಗೆ ಏನು ಯೋಚನೆ ಮಾಡಿದ್ದೀರಿ?" ಉತ್ತರ ಹೆಚ್ಚುಕಮ್ಮಿ ಒಂದೇ. ವಿಜಯನಗರದ ಪತನ. ಇಲ್ಲದಿದ್ದರೆ ಹೊಯ್ಸಳರು. ಇಲ್ಲದಿದ್ದರೆ "ಪಶ್ಚಿಮ ಘಟ್ಟದ ಮೇಲೆ ಏನಾದರೂ". ಇಷ್ಟು ದೊಡ್ಡದನ್ನು ಕೈಯಲ್ಲಿ ಹಿಡಿಯೋಕೆ ಆಗೋದಿಲ್ಲ. ನಾನೂ ಹಾಗೇ ಒಬ್ಬ ರಾಜನನ್ನು ಹಿಡಿದು ತೊಂಬತ್ತು ಪುಟ ಬರೆದಿದ್ದೆ. ಅದರಲ್ಲಿ ಎಂಬತ್ತು ಪುಟ ಮೆರವಣಿಗೆಯೇ ಇತ್ತು.

ನಮ್ಮ ಭಾಷೆಯಲ್ಲಿ 'ವಸ್ತು' ಅಂದರೆ ಕತೆಯ ವಿಷಯವೂ ಹೌದು, ಕೈಗೆ ಸಿಗುವ ಪದಾರ್ಥವೂ ಹೌದು. ಮೊದಲ ಕಾದಂಬರಿ ಬರೆಯುವವರು ಎರಡನೆಯ ಅರ್ಥದಿಂದ ಶುರು ಮಾಡಿ. ಹೋಗಿ ಮುಟ್ಟಬಹುದಾದ, ಇಲ್ಲವೇ ಕಣ್ಣಾರೆ ನೋಡಬಹುದಾದ ಒಂದು ವಸ್ತು ಹುಡುಕಿ.

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ಎರಡು ನೋಟ್‌ಬುಕ್, ಒಂದು ಟಾರ್ಚ್, ನಕ್ಷತ್ರದ ಮಳೆಗಳ ದಿನಾಂಕ ಇರುವ ಒಂದು ಪಂಚಾಂಗ, ಮತ್ತು ಸುಮಾರು ಒಂದು ವರ್ಷದ ಭಾನುವಾರಗಳು. ಎರಡು ನೋಟ್‌ಬುಕ್ ಯಾಕೆ ಅಂತ ಮುಂದೆ ಹೇಳುತ್ತೇನೆ.

1. ಒಂದು ವಸ್ತು ಆರಿಸಿಕೊಳ್ಳಿ

ನಿಮ್ಮ ಊರಿನಿಂದ ಒಂದು ದಿನದಲ್ಲಿ ಹೋಗಿ ಬರುವಷ್ಟು ಹತ್ತಿರದ್ದಿರಲಿ. ಯಾಕಂದರೆ ಹತ್ತು ಸಲ ಹೋಗಬೇಕಾಗುತ್ತದೆ. ಎಲ್ಲಿ ಹುಡುಕಬೇಕು?

ವೀರಗಲ್ಲು ಎಲ್ಲರಿಗೂ ಹತ್ತಿರದ ಜಾಗ. ಹೋರಾಡಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲು. ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಕಾಳಗ, ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುವುದು, ಮೇಲೆ ಕೈಲಾಸ. ಕೆಳಗಿನ ಅಂತಸ್ತನ್ನೇ ನೋಡಿ, ಕತೆ ಇರುವುದು ಅಲ್ಲಿ. ಹಸುಗಳ ಸಾಲು ಇದ್ದರೆ ಅದು ತುರುಗೋಳ್, ಅಂದರೆ ದನ ಹೊಡೆದುಕೊಂಡು ಹೋದವರ ಜೊತೆ ನಡೆದ ಜಗಳ. ಮಾಸ್ತಿಗಲ್ಲು ಇನ್ನೊಂದು: ಗಂಡನ ಚಿತೆಯಲ್ಲಿ ಬೆಂದುಹೋದ ಹೆಂಗಸಿನ ಕಲ್ಲು. ಬಳೆ ತೊಟ್ಟ ಒಂದು ಕೈ ಮೇಲೆದ್ದಿರುತ್ತದೆ.

ಕಲ್ಲು ಬೇಡ ಅಂದರೆ ನೀರು ಇದೆ. ಸಾಗರ ತಾಲ್ಲೂಕಿನ ಮಡೆನೂರಿನಲ್ಲಿ 1948ರಲ್ಲಿ ಮುಗಿದ ಹಿರೇಭಾಸ್ಕರ ಅಣೆಕಟ್ಟು, 1964ರಲ್ಲಿ ಲಿಂಗನಮಕ್ಕಿ ಬಂದ ಮೇಲೆ ತಾನೇ ಮುಳುಗಿಹೋಯಿತು. ಊರು ಮುಳುಗಿಸಿದ ಅಣೆಕಟ್ಟು ಹದಿನಾರೇ ವರ್ಷದಲ್ಲಿ ಇನ್ನೊಂದು ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ಹಿನ್ನೀರು ಚೆನ್ನಾಗಿ ಇಳಿದರೆ ಈಗಲೂ ಕಾಣುತ್ತದೆ.

ನನಗೆ ತುಂಬಾ ಇಷ್ಟವಾದ ಮೂರನೆಯ ಜಾಗ ಕಂದಾಯ ದಾಖಲೆ. ಅದರಲ್ಲಿ 'ಬೇಚರಾಕ್ ಗ್ರಾಮ' ಅಂತ ಒಂದು ಮಾತಿದೆ. ಹೆಸರಿದೆ, ಸರ್ವೆ ನಂಬರ್ ಇದೆ, ಗಡಿ ಇದೆ, ಆದರೆ ಒಂದು ಮನೆಯೂ ಇಲ್ಲದ ಊರು. ಇದು ಪಾರ್ಸಿಯಿಂದ ಬಂದ ಶಬ್ದ. ಬೇ-ಚಿರಾಗ್, ಅಂದರೆ ದೀಪವಿಲ್ಲದ್ದು. ನಿಮ್ಮ ತಾಲ್ಲೂಕಿನ ಗ್ರಾಮಗಳ ಪಟ್ಟಿ ತೆಗೆದು ನೋಡಿ, ಇಂಥ ಒಂದೆರಡು ಊರು ಸಿಗಬಹುದು. ಜನ ಯಾಕೆ ಬಿಟ್ಟು ಹೋದರು? ಪ್ಲೇಗೋ, ಬರವೋ, ಜಗಳವೋ? ದಾಖಲೆ ಅದನ್ನು ಹೇಳೋದಿಲ್ಲ. ನಿಮಗೆ ಬೇಕಾದದ್ದೂ ಅದೇ.

ಎಚ್ಚರಿಕೆ: ವಸ್ತು ಎಷ್ಟು ಪ್ರಸಿದ್ಧವೋ ಅಷ್ಟು ಕಷ್ಟ. ಹಂಪಿಯ ಕಲ್ಲಿನ ರಥ ನೋಡಿ ಯಾರಿಗೂ ಹೊಸ ಪ್ರಶ್ನೆ ಏಳೋದಿಲ್ಲ, ಫೋಟೊ ತೆಗೆಯೋ ಮನಸ್ಸಾಗುತ್ತದೆ ಅಷ್ಟೆ.

2. ಬರೆದಿರುವುದನ್ನು ಅಕ್ಷರ ಬಿಡದೆ ಓದಿ

ಹಳೇ ಮೈಸೂರು ಕಡೆಯ ಶಾಸನಗಳಿಗೆ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳಿವೆ. ಬಿ.ಎಲ್. ರೈಸ್ 1886ರಿಂದ ಹೊರತಂದ ಮಾಲೆ. ಮೈಸೂರು ವಿಶ್ವವಿದ್ಯಾಲಯದವರು ಆಮೇಲೆ ಪರಿಷ್ಕರಿಸಿ ತಂದದ್ದೂ ಇದೆ. ಹಳೆಯ ಸಂಪುಟಗಳ ಸ್ಕ್ಯಾನ್ ಪ್ರತಿ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ತಾಲ್ಲೂಕಿನ ಪ್ರಕಾರ ನಂಬರ್ ಹಾಕಿ ಜೋಡಿಸಿದ್ದಾರೆ. ನಿಮ್ಮ ತಾಲ್ಲೂಕು ತೆಗೆದು, ಊರಿನ ಹೆಸರು ಹುಡುಕಿದರೆ ಸಾಕು.

ಓದುವುದು ಹೇಗೆ ಅಂತ ಒಂದೇ ಶಾಸನ ಹಿಡಿದು ತೋರಿಸುತ್ತೇನೆ. ಮದ್ದೂರು ತಾಲ್ಲೂಕಿನ ಆತಕೂರಿನದು. ಕಾಲ ಕ್ರಿ.ಶ. 949-50. ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ.

ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರ ಮೇಲೆ ಯುದ್ಧ ಮಾಡಿದ. ಅವನ ಕಡೆಯ ಗಂಗ ದೊರೆ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಬೂತುಗನ ಕೈಕೆಳಗೆ ಮಣಲೆರ ಅಂತ ಒಬ್ಬ ವೀರ. ಅವನ ಪರಾಕ್ರಮಕ್ಕೆ ಬೂತುಗ ಮೆಚ್ಚಿ, ಏನು ಬೇಕೋ ಕೇಳು ಅಂದ. ಅವನು ಕೇಳಿದ್ದು ಕಾಳಿ ಅನ್ನುವ ನಾಯಿಯನ್ನು. ಆ ನಾಯಿಯನ್ನು ಬೆಳತೂರಿನ ಪಡುವಣ ಮೊರಡಿಯಲ್ಲಿ ಒಂದು ಭಾರೀ ಹಂದಿಯ ಮೇಲೆ ಬಿಟ್ಟರು. ಮೊರಡಿ ಅಂದರೆ ಕಲ್ಲು ಕಲ್ಲಾದ ಸಣ್ಣ ಗುಡ್ಡ. ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಅದರ ನೆನಪಿಗೆ ಚಲ್ಲೇಶ್ವರ ದೇವಸ್ಥಾನದ ಎದುರು ಕಲ್ಲು ನಿಲ್ಲಿಸಿ, ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಉಂಡರೆ ಗೊರವನಿಗೆ ಪಾಪ ಅಂತ ಕೊನೆಗೆ ಎಚ್ಚರಿಕೆ. ಗೊರವ ಅಂದರೆ ಇಲ್ಲಿ ಶೈವ ಪೂಜಾರಿ. ಕಲ್ಲಿನ ಮೇಲೆ ನಾಯಿ ಹಂದಿ ಕಾದಾಡುವ ಚಿತ್ರವೂ ಇದೆ.

ಇಲ್ಲಿ ಹೆಚ್ಚಿನವರ ಕಣ್ಣು ತಕ್ಕೋಲದ ಯುದ್ಧದ ಮೇಲೆ ಬೀಳುತ್ತದೆ. ಆನೆ, ಬಿಲ್ಲು, ರಕ್ತ. ಅದನ್ನು ಬಿಡಿ. ಕೊನೆಯ ಸಾಲುಗಳನ್ನು ಓದಿ. ಶಾಸನಗಳಲ್ಲಿ ಮೊದಲ ಭಾಗ ರಾಜರ ಬಿರುದು, ಹೊಗಳಿಕೆ. ದತ್ತಿಯ ಭಾಗದಲ್ಲಿ (ದೇವರಿಗೋ ವ್ಯಕ್ತಿಗೋ ಬಿಟ್ಟುಕೊಟ್ಟ ಭೂಮಿಯ ವಿವರ) ಮತ್ತು ಶಾಪಾಶಯದಲ್ಲಿ (ಕೆಡಿಸಿದವನಿಗೆ ಹಾಕುವ ಶಾಪ) ಊರಿನ ಜನ ಕಾಣುತ್ತಾರೆ. ಕೆರೆ ಎಲ್ಲಿತ್ತು, ಗದ್ದೆ ಎಲ್ಲಿತ್ತು, ಯಾರು ಯಾರನ್ನು ನಂಬುತ್ತಿರಲಿಲ್ಲ, ಎಲ್ಲ ಅಲ್ಲೇ ಇರುತ್ತದೆ.

ನಿಮ್ಮ ಕತೆ 1800ರ ಆಸುಪಾಸಿನದಾದರೆ ಫ್ರಾನ್ಸಿಸ್ ಬುಕಾನನ್ನನ ಪ್ರವಾಸದ ದಿನಚರಿ ಓದಿ. ಟಿಪ್ಪು ಸತ್ತ ಮೇಲೆ, 1800-01ರಲ್ಲಿ, ಕಂಪನಿ ಸರ್ಕಾರ ಅವನನ್ನು ಮೈಸೂರು, ಕನ್ನಡ ಜಿಲ್ಲೆ, ಮಲಬಾರಿಗೆ ಕಳಿಸಿತ್ತು. ಯಾವ ಊರಿನಲ್ಲಿ ಏನು ಬೆಳೆಯುತ್ತಿದ್ದರು, ನೇಗಿಲು ಹೇಗಿತ್ತು, ಸಂತೆಯಲ್ಲಿ ಏನು ಮಾರುತ್ತಿದ್ದರು ಅಂತ ದಿನ ದಿನ ಬರೆದಿದ್ದಾನೆ. ಆದರೆ ಅವನು ಕಂಪನಿಯ ಆಳು ಅನ್ನೋದನ್ನು ಮರೆಯಬೇಡಿ. ತೆರಿಗೆ ಎಷ್ಟು ಹುಟ್ಟುತ್ತದೆ ಅನ್ನುವ ಕಣ್ಣಿನಿಂದಲೇ ನೋಡಿದವನು.

3. ಕಲ್ಲು ಹೇಳದೆ ಬಿಟ್ಟದ್ದನ್ನು ಪಟ್ಟಿ ಮಾಡಿ

ಮೊದಲ ನೋಟ್‌ಬುಕ್ ಇದಕ್ಕೆ. ಪ್ರಶ್ನೆಗಳನ್ನು ಮಾತ್ರ ಬರೆಯಿರಿ, ಉತ್ತರ ಬೇಡ. ಆತಕೂರಿನ ಕಲ್ಲು ನೋಡಿ ನಾನು ಬರೆದುಕೊಂಡದ್ದು ಹೀಗಿದೆ:

ಯುದ್ಧ ಗೆದ್ದುಕೊಟ್ಟವನು ಊರು ಕೇಳದೆ ನಾಯಿ ಯಾಕೆ ಕೇಳಿದ? ಕಾಳಿಯನ್ನು ಅಲ್ಲಿಯವರೆಗೆ ಸಾಕಿದ್ದವರು ಯಾರು? ಅವರನ್ನೂ ಜೊತೆಗೆ ಕಳಿಸಿದರಾ, ಅಥವಾ ಹಗ್ಗ ಬಿಚ್ಚಿ ಕೊಟ್ಟು ವಾಪಸ್ ಹೋದರಾ? ಹಂದಿ ಇದೆ ಅಂತ ಸುದ್ದಿ ತಂದವರು ಯಾರು? ನಾಯಿಯ ಕಲ್ಲಿಗೆ ದಿನಾ ಪೂಜೆ ಮಾಡಬೇಕು ಅಂದಾಗ ಗೊರವನಿಗೆ ಏನನ್ನಿಸಿತು? ಮಾಡೋದಿಲ್ಲ ಅಂದಿದ್ದನಾ? ಶಾಪ ಹಾಕಿದ್ದು ಅದಕ್ಕೇನಾ?

ಇಪ್ಪತ್ತು ಪ್ರಶ್ನೆ ಆದ ಮೇಲೆ ಒಂದನ್ನು ಆರಿಸಿ. ಯಾವ ಪ್ರಶ್ನೆ ರಾತ್ರಿ ಪಾತ್ರೆ ತೊಳೆಯುವಾಗಲೂ ತಲೆಯಲ್ಲಿ ತಿರುಗುತ್ತದೋ ಅದು. ನನಗೆ ಅದು ನಾಯಿ ಸಾಕಿದವನದು. ಶಾಸನದಲ್ಲಿ ನಾಯಿಗೆ ಹೆಸರಿದೆ, ಅವನಿಗಿಲ್ಲ.

ಈ ಹಂತದಲ್ಲಿ ಆಗುವ ದೊಡ್ಡ ತಪ್ಪು: ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಗ್ರಂಥಾಲಯಕ್ಕೆ ಓಡುವುದು. ನೀವು ಪಿಎಚ್‌ಡಿ ಮಾಡುತ್ತಿಲ್ಲ. ಉತ್ತರ ಸಿಗದ ಪ್ರಶ್ನೆಯೇ ಕಾದಂಬರಿಗೆ ಜಾಗ. ಸಿಕ್ಕಿಬಿಟ್ಟರೆ ಅದು ಲೇಖನವಾಗುತ್ತದೆ, ಅಲ್ವಾ?

4. ಊರಿಗೆ ಹೋಗಿ, ಸರಿಯಾದ ಪ್ರಶ್ನೆ ಕೇಳಿ

ಕಲ್ಲಿನ ಅಕ್ಷರ ನೋಡಬೇಕಾದರೆ ನಡುಮಧ್ಯಾಹ್ನ ಹೋಗಬೇಡಿ. ಬಿಸಿಲು ನೇರ ಬಿದ್ದಾಗ ಏನೂ ಕಾಣೋದಿಲ್ಲ. ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಅಕ್ಷರಗಳು ನೆರಳು ಚೆಲ್ಲಿ ಎದ್ದು ಬರುತ್ತವೆ. ನೆರಳಿನಲ್ಲಿರುವ ಕಲ್ಲಾದರೆ ಟಾರ್ಚನ್ನು ಪಕ್ಕದಿಂದ, ಕಲ್ಲಿಗೆ ಒರಗಿಸಿದ ಹಾಗೆ ಹಿಡಿಯಿರಿ. ಸುಣ್ಣ, ಸೀಮೆಸುಣ್ಣ, ಎಣ್ಣೆ ಏನನ್ನೂ ಹಚ್ಚಬೇಡಿ. ಸಾವಿರ ವರ್ಷ ಉಳಿದದ್ದು ನಮ್ಮ ಫೋಟೊಗಾಗಿ ಹಾಳಾಗಬಾರದು.

ಇನ್ನೊಂದು ಮಾತು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹೊಲದ ನಡುವೆ ಹಳೇ ಕಲ್ಲಿನ ಸುತ್ತ ಟಾರ್ಚ್ ಹಿಡಿದು ತಿರುಗುವವರನ್ನು ಊರಿನವರು ನಿಧಿ ಕಳ್ಳರು ಅಂತಲೇ ನೋಡುತ್ತಾರೆ. ಅವರದೇನೂ ತಪ್ಪಿಲ್ಲ, ನಿಧಿ ಆಸೆಗೆ ಕಲ್ಲು ಕಿತ್ತು ಹಾಕಿದವರನ್ನು ಅವರು ನೋಡಿದ್ದಾರೆ. ಹಗಲಲ್ಲೇ ಹೋಗಿ. ಮೊದಲು ಊರೊಳಗೆ ಹೋಗಿ ಟೀ ಅಂಗಡಿಯಲ್ಲಿ ಕೂತು, ಬಂದ ಕೆಲಸ ಹೇಳಿ. ಹೊಲದ ಯಜಮಾನರನ್ನು ಕೇಳಿ ಒಳಗೆ ಕಾಲಿಡಿ.

"ಇದರ ಇತಿಹಾಸ ಏನು ಯಜಮಾನ್ರೇ?" ಅಂತ ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: ಪಾಂಡವರು ವನವಾಸದಲ್ಲಿ ಬಂದಿದ್ದರು, ಇಲ್ಲವೇ ಜಕಣಾಚಾರಿ ಕೆತ್ತಿದ. ಬದಲಿಗೆ, "ಈ ಕಲ್ಲಿಗೆ ಏನಂತ ಕರೀತೀರಿ? ಯಾವತ್ತಾದರೂ ಪೂಜೆ ಇದೆಯಾ? ಯಾರ ಮನೆಯವರು ಮಾಡೋದು?" ಅಂತ ಕೇಳಿ. ಆಗ ಮಾತು ಬೇರೆ ದಾರಿ ಹಿಡಿಯುತ್ತದೆ. ಮಳೆ ಬಾರದಿದ್ದ ವರ್ಷ ಆ ಕಲ್ಲಿಗೆ ನೀರೆರೆದದ್ದು, ಯಾರೋ ಅದನ್ನು ಬಟ್ಟೆ ಒಗೆಯೋಕೆ ಹಾಕಿಕೊಂಡು ಆಮೇಲೆ ಹೆದರಿ ವಾಪಸ್ ತಂದಿಟ್ಟದ್ದು, ಇಂಥವೆಲ್ಲ ಹೊರಗೆ ಬರುತ್ತವೆ.

5. ಅದೇ ಜಾಗವನ್ನು ವರ್ಷಪೂರ್ತಿ ನೋಡಿ

ಎರಡನೆಯ ನೋಟ್‌ಬುಕ್ ಇದಕ್ಕೆ. ನಿಸರ್ಗದಿಂದ ಸ್ಫೂರ್ತಿ ಅಂದರೆ ಹೆಚ್ಚಿನವರು ಸೂರ್ಯಾಸ್ತ, ಮಂಜು, ಇಬ್ಬನಿ ಅಂದುಕೊಳ್ಳುತ್ತಾರೆ. ಅವು ವರ್ಣನೆಗೆ ಆಗುತ್ತವೆ, ಕತೆಗೆ ಆಗೋದಿಲ್ಲ. ಕತೆಗೆ ನಿಸರ್ಗ ಕೊಡುವುದು ಕಾಲಪಟ್ಟಿ ಮತ್ತು ಅಡ್ಡಿ. ಯಾವಾಗ ಹೊಳೆ ದಾಟೋಕಾಗೋದಿಲ್ಲ, ಯಾವಾಗ ಮೇವಿಲ್ಲ, ಯಾವಾಗ ಎಲ್ಲರೂ ಹೊಲದಲ್ಲಿದ್ದು ಊರು ಖಾಲಿ. ನಿಮ್ಮ ಪಾತ್ರದವರ ಕೈ ಕಟ್ಟಿಹಾಕುವುದು ಇವೇ.

ಪಂಚಾಂಗ ಬೇಕಾಗುವುದು ಇಲ್ಲಿ. ನಮ್ಮ ರೈತರು ಮಳೆಯನ್ನು ತಿಂಗಳಿನಿಂದ ಲೆಕ್ಕ ಹಾಕೋದಿಲ್ಲ, ನಕ್ಷತ್ರದಿಂದ ಹಾಕುತ್ತಾರೆ. ಒಂದೊಂದು ನಕ್ಷತ್ರದ ಮಳೆಗೆ ಹದಿಮೂರು ಹದಿನಾಲ್ಕು ದಿನ. ಭರಣಿ, ಕೃತ್ತಿಕೆ, ರೋಹಿಣಿ ಹೀಗೆ ಸಾಗಿ, ಜೂನ್ ಮೂರನೇ ವಾರದ ಹೊತ್ತಿಗೆ ಆರಿದ್ರೆ. ನೋಟ್‌ಬುಕ್ಕಿನಲ್ಲಿ ಒಂದೊಂದು ಮಳೆಗೆ ಎರಡು ಪುಟ ಬಿಡಿ. ಆ ಮಳೆಯಲ್ಲಿ ಒಂದು ಸಲವಾದರೂ ಹೋಗಿ ಬನ್ನಿ. ಕಂಡದ್ದು, ಕೇಳಿಸಿದ್ದು, ಮೂಗಿಗೆ ಬಂದದ್ದು, ಮತ್ತು ಜನ ಏನು ಕೆಲಸ ಮಾಡುತ್ತಿದ್ದರು ಅನ್ನೋದನ್ನು ಬರೆಯಿರಿ. 'ಸುಂದರವಾಗಿತ್ತು' ಅಂತ ಬರೆದರೆ ಹೊಡೆದು ಹಾಕಿ.

ಮರಗಳೂ ತಾರೀಕು ಹೇಳುತ್ತವೆ. ಫೆಬ್ರುವರಿ, ಮಾರ್ಚಿನಲ್ಲಿ ಎಲೆ ಉದುರಿಸಿ ಕೆಂಪಗೆ ಹೂ ಬಿಟ್ಟ ಮುತ್ತುಗ. ಯುಗಾದಿ ಹೊತ್ತಿಗೆ ಹೊಂಗೆಯ ಎಳೆ ಎಲೆ. ಏಪ್ರಿಲ್, ಮೇನಲ್ಲಿ ಕಕ್ಕೆಯ ಹಳದಿ ಗೊಂಚಲು. ಇವು ಗೊತ್ತಿದ್ದರೆ "ಅದು ಮಾರ್ಚ್ ತಿಂಗಳು" ಅಂತ ಬರೆಯುವ ಅಗತ್ಯವೇ ಇಲ್ಲ. ಹತ್ತನೇ ಶತಮಾನದಲ್ಲಿ ಮಾರ್ಚ್ ಅಂದರೆ ಯಾರಿಗೂ ಅರ್ಥವೂ ಆಗುತ್ತಿರಲಿಲ್ಲ. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿಯಂತೂ ವಯಸ್ಸಿನ ಲೆಕ್ಕವನ್ನೇ ಕೊಡುತ್ತದೆ: ಹುಟ್ಟಿದಾಗ ಒಂದು ಹೂ, ಮದುವೆ ಹೊತ್ತಿಗೆ ಇನ್ನೊಂದು.

ಕಾಯ್ದಿಟ್ಟ ಅರಣ್ಯವಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಸುಮ್ನೆ ನುಗ್ಗಬೇಡಿ.

6. ಎರಡು ನೋಟ್‌ಬುಕ್ ಪಕ್ಕಪಕ್ಕ ಇಡಿ

ಮುಖ್ಯವಾದ ಕೆಲಸ ಇದು. ಒಂದು ಕಡೆ ಪ್ರಶ್ನೆ, ಇನ್ನೊಂದು ಕಡೆ ಕಾಲ. ಪ್ರಶ್ನೆಯನ್ನು ಬೇರೆ ಬೇರೆ ಕಾಲದಲ್ಲಿ ಇಟ್ಟು ನೋಡಿ.

ಕಾಳಿಯನ್ನು ಹಂದಿಯ ಮೇಲೆ ಬಿಟ್ಟದ್ದು ಯಾವಾಗ? ಶಾಸನ ವರ್ಷ ಹೇಳುತ್ತದೆ, ಋತು ಹೇಳೋದಿಲ್ಲ. ಕಡು ಬೇಸಿಗೆ ಅಂದುಕೊಳ್ಳಿ. ಕುರುಚಲು ಒಣಗಿ ಗುಡ್ಡ ಬೋಳಾಗಿದೆ. ಹಂದಿ ಉಳಿದಿರುವ ಒಂದೇ ಕೆಸರಿನ ಹೊಂಡಕ್ಕೆ ಬರಲೇಬೇಕು. ಕಾಯುವವನಿಗೆ ಅದು ಗೊತ್ತು. ಇದು ಬೇಟೆಯ ಕತೆ, ಬೇಕೆಂದೇ ಹೋದದ್ದು, ಶೋಕಿಗೆ.

ಈಗ ಬತ್ತ ತೆನೆ ಬಿಟ್ಟ ಕಾಲ ಅಂದುಕೊಳ್ಳಿ. ದೊಡ್ಡ ಕೆರೆಯ ಕೆಳಗಿನ ಗದ್ದೆಗೆ ರಾತ್ರಿ ಹಂದಿ ನುಗ್ಗುತ್ತಿದೆ. ರೈತರು ಅಟ್ಟಣೆ ಮೇಲೆ ಕೂತು ತಮಟೆ ಬಡಿದು ಸೋತಿದ್ದಾರೆ. ಹೊಸ ದಣಿ ಯುದ್ಧದಿಂದ ಬಂದಿದ್ದಾನೆ, ದೊರೆಯ ನಾಯಿ ತಂದಿದ್ದಾನೆ. ಊರಿನವರು ಹೋಗಿ ಕೈ ಮುಗಿದು ಕೇಳುತ್ತಾರೆ. ಇದು ಸಾಲದ ಕತೆ, ಮಾತು ಉಳಿಸಿಕೊಳ್ಳುವ ಕತೆ. ಆಮೇಲೆ ಅದೇ ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ಕಲ್ಲಿಗೆ ಹೋದಾಗ ಅದು ಯಾರ ಕೈಯಿಂದ ಹೋಯಿತು ಅನ್ನುವ ಪ್ರಶ್ನೆ ಏಳುತ್ತದೆ.

ಅದೇ ನಾಯಿ, ಅದೇ ಹಂದಿ, ಅದೇ ಗುಡ್ಡ. ಋತು ಬದಲಾಯಿತು, ಕಾದಂಬರಿಯೇ ಬೇರೆಯಾಯಿತು. ಎರಡರಲ್ಲಿ ಯಾವುದು ನಿಜ ಅಂತ ಕಲ್ಲು ಹೇಳೋದಿಲ್ಲ. ನಾನು ಎರಡನೆಯದನ್ನು ಆರಿಸುತ್ತೇನೆ, ಅದರಲ್ಲಿ ಜನ ಜಾಸ್ತಿ ಇದ್ದಾರೆ.

7. ಇಂದಿನ ಗುಡ್ಡವನ್ನು ಅಂದಿನ ಗುಡ್ಡ ಅಂದುಕೊಳ್ಳಬೇಡಿ

ಬರೆಯೋಕೆ ಮೊದಲು ಒಂದು ಸಲ ಕಳೆ ಕೀಳುವ ಕೆಲಸ. ಮೊದಲ ಕಾದಂಬರಿಗಳು ಜಾಸ್ತಿ ಎಡವುವುದು ಇಲ್ಲೇ.

ಗಿಡಗಳು: ಈಗ ಯಾವ ಗುಡ್ಡ ಹತ್ತಿದರೂ ಲಂಟಾನ ಪೊದೆ. ನಿಮ್ಮ ಹಂದಿ ಅದರೊಳಗಿಂದ ಹೊರಬಂದರೆ ಕತೆ ಕೆಟ್ಟಿತು, ಅದು ಬ್ರಿಟಿಷರ ಕಾಲದಲ್ಲಿ ಬಂದ ಗಿಡ. ಬಳ್ಳಾರಿ ಜಾಲಿ, ಪಾಪಾಸುಕಳ್ಳಿ ಅಮೆರಿಕದ ಕಡೆಯವು. ನೀಲಗಿರಿ, ಸಿಲ್ವರ್ ಓಕ್ ಆಸ್ಟ್ರೇಲಿಯಾದವು. ಕಾಂಗ್ರೆಸ್ ಗಿಡ ನಮ್ಮಲ್ಲಿ ಹಬ್ಬಿದ್ದು 1950ರ ದಶಕದಿಂದ ಈಚೆಗೆ. ಹಳೆಯ ಗುಡ್ಡಕ್ಕೆ ಕಾರೆ, ತಂಗಡಿ, ಎಲಚಿ, ಸೀಗೆ ಹಾಕಿ.

ಅಡುಗೆಮನೆ: ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಮುಸುಕಿನ ಜೋಳ, ಕಡಲೆಕಾಯಿ, ಗೋಡಂಬಿ, ಸೀಬೆಹಣ್ಣು, ಇವೆಲ್ಲ ಪೋರ್ಚುಗೀಸರು ಬಂದ ಮೇಲೆ, ಅಂದರೆ 1498ರ ನಂತರ ನಮ್ಮ ಕಡೆ ಬಂದವು. ಅಲ್ಲಿಯವರೆಗೆ ಖಾರ ಅಂದರೆ ಮೆಣಸು, ಶುಂಠಿ. ದೇವಸ್ಥಾನದ ಬಾಗಿಲಿಗೆ ಚೆಂಡು ಹೂವಿನ ತೋರಣ ಕಟ್ಟಿಸಿದ್ದೀರಾ? ಅದೂ ಮೆಕ್ಸಿಕೋ ಕಡೆಯದು. ಬಿಚ್ಚಿಸಿ.

ನೀರು: ಇವತ್ತು ಮಂಡ್ಯ ಅಂದರೆ ಕಣ್ಣು ಹಾಯಿಸಿದಷ್ಟು ಕಬ್ಬು, ನಾಲೆ. ಆ ನಾಲೆಗಳ ನೀರು ಬಂದದ್ದು ಕೆ.ಆರ್.ಎಸ್. ಕಟ್ಟಿದ ಮೇಲೆ, 1930ರ ದಶಕದಲ್ಲಿ. ಅದಕ್ಕೆ ಮುಂಚೆ ಆ ಬಯಲಿಗೆ ಕೆರೆ ಮತ್ತು ಮಳೆಯೇ ಗತಿ. ಶಾಸನದಲ್ಲಿ 'ದೊಡ್ಡ ಕೆರೆಯ ಕೆಳಗೆ' ಅನ್ನೋದಕ್ಕೆ ಅಷ್ಟು ತೂಕ ಬರುವುದು ಇದರಿಂದಲೇ. ಮಳೆಯೂ ಹಾಗೇ. ಅಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನದು. ಆರಿದ್ರೆಯಲ್ಲಿ ವಾರಗಟ್ಟಲೆ ಜಡಿಮಳೆ ಸುರಿಸಿದರೆ ನಿಮ್ಮ ಆತಕೂರು ತೀರ್ಥಹಳ್ಳಿಯಾಗಿಬಿಡುತ್ತದೆ.

ಮಾತು: ಹಳಗನ್ನಡದಲ್ಲಿ ಸಂಭಾಷಣೆ ಬರೆಯೋಕೆ ಹೋಗಬೇಡಿ, ಓದುಗರು ಎರಡನೇ ಪುಟಕ್ಕೆ ಓಡಿಹೋಗುತ್ತಾರೆ. ಸರಳ ಕನ್ನಡವೇ ಇರಲಿ. ಆದರೆ ಗಂಗರ ಕಾಲದವನ ಬಾಯಲ್ಲಿ ಅರ್ಜಿ, ಖರ್ಚು, ಜಮೀನು, ದರ್ಬಾರು ಬೇಡ, ಇವು ಪಾರ್ಸಿ-ಅರಬ್ಬಿ ಕಡೆಯಿಂದ ಆಮೇಲೆ ಬಂದ ಶಬ್ದಗಳು. 'ಐದು ನಿಮಿಷ ಇರು' ಕೂಡ ಬೇಡ. ಗಳಿಗೆ ಇದೆ (24 ನಿಮಿಷ), ಜಾವ ಇದೆ (ಮೂರು ಗಂಟೆ).

ಇದನ್ನೆಲ್ಲ ಕಂಡು ಹೆದರಬೇಡಿ. ಒಂದು ಹಾಳೆಯಲ್ಲಿ 'ಇರಲಿಲ್ಲ' ಅಂತ ತಲೆಬರಹ ಕೊಟ್ಟು ಪಟ್ಟಿ ಮಾಡಿ ಗೋಡೆಗೆ ಅಂಟಿಸಿ. ಅಷ್ಟು ಸಾಕು.

8. ಓದು ನಿಲ್ಲಿಸಿ, ಹತ್ತು ಪುಟ ಬರೆಯಿರಿ

ಇನ್ನೂ ಸ್ವಲ್ಪ ಓದಿ ಶುರು ಮಾಡ್ತೀನಿ ಅನ್ನುವವರು ಐದು ವರ್ಷ ಆದರೂ ಓದುತ್ತಲೇ ಇರುತ್ತಾರೆ. ಎರಡು ನೋಟ್‌ಬುಕ್ ಅರ್ಧ ತುಂಬಿದ ದಿನವೇ ಶುರು ಮಾಡಿ.

ಮೊದಲ ದೃಶ್ಯದಲ್ಲಿ ರಾಜ ಬೇಡ. ಶಾಸನದಲ್ಲಿ ಹೆಸರಿಲ್ಲದವರು ಒಬ್ಬರು, ಒಂದು ಮಳೆ, ಒಂದು ಕೆಲಸ. ನಾಯಿ ಸಾಕಿದವನು ಕಾಳಿಯ ಕೊರಳಿನ ಹಗ್ಗ ಇನ್ನೊಬ್ಬನ ಕೈಗೆ ಕೊಡುತ್ತಿದ್ದಾನೆ. ಹಸ್ತ ಮಳೆ ಹಿಡಿದಿದೆ. ನೆನೆದ ಹಗ್ಗದ ಗಂಟು ಬಿಚ್ಚಿಕೊಳ್ಳುತ್ತಿಲ್ಲ. ಇಷ್ಟೇ ಇಟ್ಟುಕೊಂಡು ಬರೆಯಿರಿ.

ನಡುವೆ ಗೊತ್ತಿಲ್ಲದ ವಿವರ ಬರುತ್ತದೆ. ಹಗ್ಗ ಯಾವ ನಾರಿನದು? ನಾಯಿಗೆ ಏನು ಹಾಕುತ್ತಿದ್ದರು? ಎದ್ದು ಹೋಗಿ ಹುಡುಕಬೇಡಿ. ಆ ಜಾಗದಲ್ಲಿ 'ನೋಡು' ಅಂತ ಗುರುತು ಹಾಕಿ ಮುಂದಕ್ಕೆ ಹೋಗಿ. ಹತ್ತು ಪುಟ ಆದ ಮೇಲೆ ಆ ಗುರುತುಗಳನ್ನು ಎಣಿಸಿ. ಅಷ್ಟನ್ನು ಮಾತ್ರ ಹುಡುಕಿ, ಒಂದು ಭಾನುವಾರದಲ್ಲಿ ಮುಗಿಸಿ.

ಅಂದಹಾಗೆ, ಮೊದಲು ಆತಕೂರಿನ ಕಲ್ಲನ್ನೇ ನೋಡಿ ಬರೋಣ ಅನ್ನಿಸಿದವರು ವಸ್ತುಸಂಗ್ರಹಾಲಯ ತೆರೆದಿದೆಯಾ ಅಂತ ವಿಚಾರಿಸಿಕೊಂಡು ಹೋಗಿ. ನಾಯಿ ಸಾಕಿದವನ ಕತೆ ನಾನು ಬರೆಯುತ್ತಿದ್ದೇನೆ. ಗೊರವನದು ಖಾಲಿ ಇದೆ, ಬೇಕಾದವರು ತೆಗೆದುಕೊಳ್ಳಬಹುದು.